ಜಠರದ ಬೈಪಾಸ್ ನಂತರ ಕಾಫಿ, ಸೋಡಾ ಕುಡಿಯಬಹುದೇ?

ಪ್ರಶ್ನೆ: ತೂಕ ಇಳಿಸಲು ಜಠರದ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 3 ವಾರವಾಯಿತು. ಬೆಳಗಿನ ಕಾಫಿಯನ್ನೂ ಸಂಜೆ ಮಂಡಕ್ಕಿ–ಮಿರ್ಚಿಯ ನಂತರದ ಸೋಡಾವನ್ನೂ ಮತ್ತೆ ಆರಂಭಿಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಶಸ್ತ್ರಚಿಕಿತ್ಸೆಯಲ್ಲಿ ಪುಟ್ಟದಾಗಿಸಿದ, ಹೊಲಿಗೆ ಇನ್ನೂ ಮಾಯುತ್ತಿರುವ ಜಠರದಲ್ಲಿ ಕಾಫಿಯು ಆಮ್ಲವನ್ನು ಹೆಚ್ಚಿಸಿ ಉರಿ ತರಬಹುದಾದ್ದರಿಂದ, ನಿಮ್ಮ ಶಸ್ತ್ರವೈದ್ಯರು ಒಪ್ಪುವವರೆಗೆ ತಡೆಯಿರಿ, ಅನಂತರವೂ ಸಕ್ಕರೆಯಿಲ್ಲದ ಅರ್ಧ ಲೋಟ, ಗುಟುಕು ಗುಟುಕಾಗಿ ಸಾಕು. ಕಬ್ಬಿಣಾಂಶದ ಮಾತ್ರೆಗೂ ಕಾಫಿ, ಚಹಾಗಳಿಗೂ 2 ಗಂಟೆಯ ಅಂತರವಿರಲಿ, ಇಲ್ಲವಾದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸೋಡಾವನ್ನು ಮರೆತುಬಿಡುವುದೇ ಲೇಸು (ಮಿರ್ಚಿಯನ್ನೂ ಸದ್ಯಕ್ಕೆ ಕೇಳಬೇಡಿ). ಕಬ್ಬಿನ ಹಾಲು, ಪಾನಕಗಳ ಸಕ್ಕರೆಯು ಬೇಗನೆ ಕರುಳಿಗೆ ಇಳಿದು ಬೆವರು, ಎದೆಬಡಿತ, ಭೇದಿ ತರಬಹುದು. ನಮ್ಮೂರಿನ ಬಿಸಿಲಿಗೆ ನೀರು, ತೆಳು ಮಜ್ಜಿಗೆಗಳೇ ಸರಿ. ಆದರೆ ಊಟ ಮಾಡುತ್ತಿರುವಾಗ ಕುಡಿಯದೆ, ಉಂಡ 30 ನಿಮಿಷದ ಮೇಲೆ ಕುಡಿಯಿರಿ.