ಅಜ್ಜನ ಹೆಸರಲ್ಲಿ ಬಿಲ್, ಮೊಮ್ಮಗನಿಗೆ ಸೋಲಾರ್ ಸಬ್ಸಿಡಿ?

ಪ್ರಶ್ನೆ: ಸರ್, ಮನೆ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸಬೇಕು. ಕರೆಂಟ್ ಬಿಲ್ ಇನ್ನೂ ತೀರಿಹೋದ ನಮ್ಮಜ್ಜನ ಹೆಸರಲ್ಲೇ ಬರುತ್ತದೆ. ಏಜೆಂಟ್ ಒಬ್ಬರು, "6,000 ಕೊಡಿ, ಹೆಸರಿನದೇನೂ ತೊಂದರೆ ಇಲ್ಲ, 78,000 ಸಬ್ಸಿಡಿ ಮೊದಲೇ ತಂದುಕೊಡುತ್ತೇನೆ" ಅಂದಿದ್ದಾರೆ. ಕೊಡಲಾ?
– ಸಿಂಧನೂರಿನ ಓದುಗರು

ಕೊಡಬೇಡಿ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಆದರೂ ಜನ ದುಡ್ಡು ಕೊಟ್ಟ ಮೇಲೆಯೇ ನನ್ನನ್ನು ಕೇಳುತ್ತಾರೆ. ಬೇಜಾರಾಗುತ್ತದೆ.

ಮನೆ ಮೇಲಿನ ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಸೂರ್ಯ ಘರ್ ಸಬ್ಸಿಡಿ ಯಾರಿಗೂ ಮೊದಲೇ ಬರುವುದಿಲ್ಲ. ಪ್ಯಾನೆಲ್ ಕೂರಬೇಕು, ನಮ್ಮ ಕಡೆ ಕರೆಂಟ್ ಕೊಡುವ ಜೆಸ್ಕಾಂ ಕಂಪನಿಯವರು ಬಂದು ನೋಡಬೇಕು, ಮನೆಗೆ ಬಂದ ಕರೆಂಟ್, ಮನೆಯಿಂದ ಹೊರಗೆ ಹೋದ ಕರೆಂಟ್ ಎರಡನ್ನೂ ಅಳೆಯುವ ನೆಟ್ ಮೀಟರ್ ಬೀಳಬೇಕು. ಅದಾದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೇ ಜಮಾ ಆಗುತ್ತದೆ. ಮೊದಲ 2 ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. 5 ಕಿಲೋವಾಟ್ ಹಾಕಿಸಿದರೂ 78,000 ದಾಟುವುದಿಲ್ಲ. ಅಲ್ಲಿಯತನಕ ಪೂರ್ತಿ ಖರ್ಚು ನಿಮ್ಮದು, ಇಲ್ಲವೇ ಬ್ಯಾಂಕ್ ಸಾಲ.

ಇನ್ನು ಹೆಸರು. ನಮ್ಮ ಕಡೆ ಅರ್ಧಕ್ಕರ್ಧ ಜನ ಸಿಕ್ಕಿಬೀಳುವುದೇ ಇಲ್ಲಿ. ಅರ್ಜಿ ನಡೆಯುವುದು ಕರೆಂಟ್ ಬಿಲ್‌ನಲ್ಲಿರುವ ಗ್ರಾಹಕರ ನಂಬರಿನ ಮೇಲೆ. ಬಿಲ್‌ನಲ್ಲಿರುವ ಹೆಸರು, ಬ್ಯಾಂಕ್ ಪಾಸ್‌ಬುಕ್‌ನ ಹೆಸರು ಒಂದೇ ಇರಬೇಕು. ನಮ್ಮ ಸೋದರಮಾವನ ಬಿಲ್‌ನಲ್ಲಿ ಬರೀ ಇನಿಷಿಯಲ್ ಇತ್ತು, ಪಾಸ್‌ಬುಕ್‌ನಲ್ಲಿ ಪೂರ್ತಿ ಹೆಸರು. ಅಷ್ಟಕ್ಕೇ ದುಡ್ಡು ತಿಂಗಳುಗಟ್ಟಲೆ ನಿಂತಿತ್ತು. ಹಾಗಾಗಿ ಮೊದಲು ಜೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ ಮೀಟರ್ ಹೆಸರು ಬದಲಾಯಿಸಿ. ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆ ಖಾತೆ ಜೋಡಿಸಿಕೊಳ್ಳಿ. ದೊಡ್ಡಪ್ಪ, ಕಾಕಾ ಇದ್ದರೆ ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲೇ ತಗೊಳ್ಳಿ. ಬಾಯಿಮಾತನ್ನು ನಾನಂತೂ ನಂಬುವುದಿಲ್ಲ. ಆಮೇಲೆ ಪಿಎಂ ಸೂರ್ಯ ಘರ್‌ನ ರಾಷ್ಟ್ರೀಯ ಪೋರ್ಟಲ್‌ನಲ್ಲಿ ನಿಮ್ಮ ಮೊಬೈಲ್ ನಂಬರಿನಿಂದಲೇ ಅರ್ಜಿ ಹಾಕಿ, ಅಲ್ಲಿ ನೋಂದಾಯಿಸಿದ ಕಂಪನಿಯನ್ನೇ ಆರಿಸಿ. ಒಟಿಪಿ ಯಾರಿಗೂ ಹೇಳಬೇಡಿ.

ಕಡಿಮೆ ರೇಟಿಗೆ ವಿದೇಶಿ ಪ್ಯಾನೆಲ್ ಹಾಕುತ್ತೇವೆ ಅಂದರೆ ಬೇಡ ಅನ್ನಿ. ಪ್ಯಾನೆಲ್ ಅಷ್ಟೇ ಅಲ್ಲ, ಅದರೊಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಇಲ್ಲದಿದ್ದರೆ ಸಬ್ಸಿಡಿ ಇಲ್ಲ. ಪ್ಯಾನೆಲ್, ಸೆಲ್ ಎರಡೂ ಇಲ್ಲೇ ತಯಾರಾದವು ಅನ್ನುವ ಡಿಸಿಆರ್ ಸರ್ಟಿಫಿಕೇಟನ್ನು ಸೀರಿಯಲ್ ನಂಬರ್ ಸಮೇತ ಕೇಳಿ ಇಸ್ಕೊಳ್ಳಿ.

ಅಂಗಡಿಗೆ ಈ ಸಬ್ಸಿಡಿ ಸಿಗುತ್ತಾ? – ಸಿರುಗುಪ್ಪ
ಇಲ್ಲ.

ಕರೆಂಟ್ ಹೋದರೆ ಸೋಲಾರ್ ಕೂಡ ನಿಲ್ಲುತ್ತದೆ. ಮೋಸ ಆಯ್ತಾ? – ಗಂಗಾವತಿ
ಮೋಸ ಅಲ್ಲ. ಕಂಬದ ಮೇಲಿರುವ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯಬಾರದು, ಅದಕ್ಕೇ ಸೋಲಾರ್‌ನ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ.

ನಮ್ಮ ರಾಯಚೂರು ಬಿಸಿಲಿಗೆ ಕರೆಂಟ್ ಜಾಸ್ತಿ ಬರುತ್ತೆ ಅಲ್ವಾ?
ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಕಾವಲ್ಲ. ಪ್ಯಾನೆಲ್ 25 ಡಿಗ್ರಿಗಿಂತ ಬಿಸಿಯಾದ ಹಾಗೆಲ್ಲ ಕರೆಂಟ್ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಪ್ಯಾನೆಲ್ ಕೆಳಗೆ ಗಾಳಿಯಾಡಲು ಜಾಗ ಬಿಡಿಸಿ. ಧೂಳನ್ನು ಬೆಳಿಗ್ಗೆ ತಂಪಿನಲ್ಲೇ ತೊಳೆಯಿರಿ.

ಕುಸುಮ್ ಯೋಜನೆಯ ಸೋಲಾರ್ ಪಂಪ್‌ಸೆಟ್‌ಗೆ ಫೀ ಕಟ್ಟಿ ಅಂತ ವಾಟ್ಸಾಪ್‌ನಲ್ಲಿ ಲಿಂಕ್ ಬಂದಿದೆ. – ಕುಷ್ಟಗಿ
ಒತ್ತಬೇಡಿ. ಅರ್ಜಿಯನ್ನು ಸರ್ಕಾರದ ಸೌರಮಿತ್ರ ಪೋರ್ಟಲ್‌ನಲ್ಲೇ ಹಾಕಿ. ಆಗಲೇ ದುಡ್ಡು ಕಟ್ಟಿದ್ದರೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.