ಮೇಷ್ಟ್ರ ಮಾತು ಬರೀ ಹೊಗಳಿಕೆಯಲ್ಲ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜೊಂದರಲ್ಲಿ ಗಣಿತ ಕಲಿಸುವ ಕನ್ನಡಿಗರೊಬ್ಬರ ಪತ್ರ: 'ನನ್ನ ಕ್ಲಾಸಿನಲ್ಲಿ ಕಪ್ಪು, ಲ್ಯಾಟಿನೊ ಮಕ್ಕಳೇ ಜಾಸ್ತಿ. ಬಡವರು, ಮನೆಯಲ್ಲಿ ಇವರೇ ಮೊದಲು ಕಾಲೇಜಿಗೆ ಬಂದವರು. ಅವರ ಹೆಸರು ಸರಿಯಾಗಿ ಹೇಳಿ, ಬೆನ್ನು ತಟ್ಟಿ ಅಂತ ನಮಗೆ ತರಬೇತಿ ಕೊಡುತ್ತಾರೆ. ಹಸಿದವರಿಗೆ ಹೊಗಳಿಕೆ ಯಾಕೆ? ದುಡ್ಡು ಕೊಡಲಿ.'

ಸಂಪಾದಕರ ಉತ್ತರ:

ದುಡ್ಡು ಬೇಕು, ಒಪ್ಪಿದೆ ಸಾರ್. ಬಡ ವಿದ್ಯಾರ್ಥಿಗಳಿಗೆ ಅಮೆರಿಕ ಸರ್ಕಾರ ಕೊಡುವ ಸಹಾಯಧನ, ಪೆಲ್ ಗ್ರ್ಯಾಂಟ್, 2024-25ರಲ್ಲಿ ವರ್ಷಕ್ಕೆ ಹೆಚ್ಚೆಂದರೆ 7,395 ಡಾಲರ್ ಇತ್ತು. ನಿಮ್ಮ ಕಡೆ ವರ್ಷದ ಬಾಡಿಗೆಗೂ ಅದು ಸಾಲದು. ಆದರೆ ಮೇಷ್ಟ್ರ ಮಾತನ್ನು ಹೊಗಳಿಕೆ ಅಂತ ತಳ್ಳಿಬಿಟ್ಟಿರಲ್ಲ, ಅದು ಸರಿಯಲ್ಲ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1973ರಿಂದ ಜನರ ದೂರು ಕೇಳುವ ಕೆಲಸ ಮಾಡಿದವರು ಮೇರಿ ರೋ. ಮನುಷ್ಯರನ್ನು ಕುಗ್ಗಿಸುವುದರಲ್ಲಿ ಸಣ್ಣಪುಟ್ಟ ಕಡೆಗಣನೆಗಳ ಪಾಲು ದೊಡ್ಡದು, ಮದ್ದೂ ಅಷ್ಟೇ ಸಣ್ಣದಿರಬಹುದು ಅಂತ ಅವರು ಆಗಲೇ ಹೇಳಿದ್ದರು.

2014ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನಂತೂ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಅಮೆರಿಕದ ಏಳನೇ ಕ್ಲಾಸಿನ ಮಕ್ಕಳ ಪ್ರಬಂಧವನ್ನು ಟೀಚರುಗಳು ತಿದ್ದಿದರು. ಕೆಲವರ ಹಾಳೆಗೆ ಒಂದು ಚೀಟಿ ಅಂಟಿಸಿದರು: ನಿನ್ನಿಂದ ನನಗೆ ನಿರೀಕ್ಷೆ ಜಾಸ್ತಿ, ನೀನು ಅದನ್ನು ಮುಟ್ಟುತ್ತೀಯ ಅಂತ ಗೊತ್ತು, ಅದಕ್ಕೇ ಇಷ್ಟು ತಿದ್ದಿದ್ದೇನೆ, ಅನ್ನುವ ಅರ್ಥದ್ದು. ಉಳಿದವರಿಗೆ ಆ ಮಾತಿಲ್ಲದ, ಸುಮ್ನೆ ಒಂದು ಚೀಟಿ. ಕಪ್ಪು ಮಕ್ಕಳಲ್ಲಿ ಸುಮ್ನೆ ಚೀಟಿ ಸಿಕ್ಕವರು ನೂರಕ್ಕೆ 17ರಷ್ಟು ಜನ ಮತ್ತೆ ಬರೆದು ತಂದರು, ಆ ಮಾತು ಸಿಕ್ಕವರಲ್ಲಿ 72ರಷ್ಟು. ಮಕ್ಕಳ ಸಂಖ್ಯೆ ಚಿಕ್ಕದು, ನಿಜ. ಆದರೆ ತಿದ್ದುವುದನ್ನೇನೂ ಬಿಟ್ಟಿರಲಿಲ್ಲ ನೋಡಿ, ಹೊಗಳಿಕೆ ಎಲ್ಲಿ ಬಂತು?

ಇನ್ನು ನಿಮ್ಮ ಹಸಿವಿನ ಮಾತು. ಕಾಲೇಜಿನಲ್ಲೇ ಪುಕ್ಕಟೆ ದಿನಸಿ ಕೊಡುವ ಪ್ಯಾಂಟ್ರಿ ಇದ್ದರೂ ಅಲ್ಲಿಗೆ ಹೋಗಲು ಎಷ್ಟೋ ಮಕ್ಕಳಿಗೆ ನಾಚಿಕೆ. ಗ್ರ್ಯಾಂಟಿನ ಅರ್ಜಿ ತುಂಬಲು ಮನೆಯಲ್ಲಿ ತಿಳಿದವರಿಲ್ಲ, ನಿಮ್ಮ ರೂಮಿಗೆ ಬಂದು ಕೇಳೋಣ ಅಂದರೆ ತೊಂದರೆ ಕೊಟ್ಟಂತಾಗುತ್ತದೇನೋ ಅಂತ ಅಳುಕು. 'ಬಾ, ನಾನೂ ಆ ಕಡೆ ಹೊರಟಿದ್ದೇನೆ' ಅನ್ನುವವರು ಒಬ್ಬರಿದ್ದರೆ ಹೋಗುತ್ತಾರೆ. ನೀವು ಕೇಳುವ ದುಡ್ಡೂ ಮಕ್ಕಳ ಕೈಸೇರುವುದು ಹೀಗೇ ಅಲ್ವಾ?

ನಿಮ್ಮ ಸಿಟ್ಟು ತಿರುಗಬೇಕಾದ್ದು ಬೇರೆ ಕಡೆ. ಉನ್ನತ ಶಿಕ್ಷಣ ಕಾಯ್ದೆಗೆ 1965ರಲ್ಲಿ ಸಹಿ ಬಿದ್ದ ನೆನಪಿಗೆ ನವೆಂಬರ್ 8ರಂದು ಕಾಲೇಜುಗಳು, ಮನೆಯಲ್ಲಿ ಮೊದಲು ಕಾಲೇಜಿಗೆ ಬಂದ ಈ ಮಕ್ಕಳ ಹೆಸರಿನಲ್ಲಿ ದಿನ ಆಚರಿಸುತ್ತವೆ. ಆದರೆ ಪಾಠಕ್ಕೆ ಅರೆಕಾಲಿಕರು. ಒಂದು ಕಾಲೇಜು ಮುಗಿಸಿ ಇನ್ನೊಂದಕ್ಕೆ ಕಾರು ಓಡಿಸುವವರು, ಕೂರಲು ಸ್ವಂತ ರೂಮಿಲ್ಲದವರು. ಅವರು ಯಾವಾಗ ಮಗುವಿನ ಜೊತೆ ನಿಂತು ಮಾತಾಡಬೇಕು? ಕರ್ನಾಟಕದ ಅತಿಥಿ ಉಪನ್ಯಾಸಕರ ಪಾಡೂ ಇದೇ. ವರ್ಷವರ್ಷ ಕೆಲಸ ಉಳಿಯುತ್ತದೋ ಇಲ್ಲವೋ ಅನ್ನುವ ಚಿಂತೆಯಲ್ಲೇ ಇರುವವರಿಂದ ಮಕ್ಕಳಿಗೆ ಧೈರ್ಯ ಹೇಳಿ ಅಂತ ಬಯಸುತ್ತೇವೆ.

ಸಂಬಳಕ್ಕೆ, ರೂಮಿಗೆ ಜಗಳ ಮಾಡಿ, ನಾವು ಅಚ್ಚು ಹಾಕುತ್ತೇವೆ. ಅಲ್ಲಿಯವರೆಗೆ, ಮುಂದಿನ ಟೆಸ್ಟಿನ ಪೇಪರಿನಲ್ಲಿ ಅಂಕದ ಪಕ್ಕ ಒಂದು ಸಾಲು ಬರೆದು ನೋಡಿ.