ಕಣ್ಣಿಗೆ ಕಂಡದ್ದು ಫೋಟೋದಲ್ಲಿ ಯಾಕಿಲ್ಲ?

ಪ್ರಶ್ನೆ: ಸೂರ್ಯಾಸ್ತದ ಹೊತ್ತಿಗೆ ಬೆಟ್ಟದ ಎದುರು ಗೆಳೆಯನನ್ನು ನಿಲ್ಲಿಸಿ ಫೋಟೋ ತೆಗೆದೆ. ಕಣ್ಣಿಗೆ ಬೆಟ್ಟ ಭಾರಿಯಾಗಿತ್ತು, ಆಕಾಶ ಕೆಂಪಗಿತ್ತು. ಫೋಟೋದಲ್ಲಿ ನೋಡಿದರೆ ಬೆಟ್ಟ ದಿಬ್ಬದಂತಿದೆ, ಆಕಾಶ ಬಿಳಿಚಿಕೊಂಡಿದೆ, ಬಣ್ಣ ಸಪ್ಪೆ. ಇನ್ನೂ ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೇ?

ಉತ್ತರ: ಬೇಡ. ಮೂರು ತೊಂದರೆಗೂ ಕಾರಣ ಬೇರೆ ಬೇರೆ. ಹೊಸ ಕ್ಯಾಮೆರಾದಲ್ಲೂ ಅವು ಹಾಗೇ ಬರುತ್ತವೆ.

ಬೆಟ್ಟ ಕುಗ್ಗಿದ್ದು ನೀವು ನಿಂತ ಜಾಗದಿಂದ. 24 ಮಿ.ಮೀ.ನಂಥ ಅಗಲ ನೋಟದ ಲೆನ್ಸಿನಲ್ಲಿ ಗೆಳೆಯ ದೊಡ್ಡದಾಗಿ ಕಾಣಲೆಂದು ಅವನಿಂದ 3 ಮೀಟರ್ ದೂರದವರೆಗೆ ಹತ್ತಿರ ಹೋದರೆ ಅವನು ಹಿಗ್ಗುತ್ತಾನೆ, ದೂರದ ಬೆಟ್ಟ ಮಾತ್ರ ಇದ್ದಷ್ಟೇ ಇರುತ್ತದೆ. ಅವನಿಂದ ಸುಮಾರು 12 ಮೀಟರ್ ದೂರಕ್ಕೆ ಸರಿದು 100 ಮಿ.ಮೀ.ಗೆ ಝೂಮ್ ಮಾಡಿ. ಗೆಳೆಯ ಮೊದಲಿನಷ್ಟೇ ಕಾಣುತ್ತಾನೆ, ಬೆಟ್ಟ ಸುಮಾರು 4 ಪಟ್ಟು ದೊಡ್ಡದಾಗುತ್ತದೆ. ನಿಂತಲ್ಲೇ ಝೂಮ್ ಮಾಡಿದರೆ ಎರಡೂ ಒಟ್ಟಿಗೆ ಹಿಗ್ಗುತ್ತವೆ, ಅಷ್ಟೆ. ಹಿಂದೆ ನಡೆಯುವುದೇ ಇಲ್ಲಿ ಮುಖ್ಯ ಕೆಲಸ. ಕೈಯಲ್ಲಿ ಹಿಡಿದು ತೆಗೆಯುವುದಾದರೆ ಚಿತ್ರ ಅಲುಗದಂತೆ ಶಟರ್ 1/125 ಸೆಕೆಂಡಿಗಿಂತ ನಿಧಾನವಾಗದಿರಲಿ.

ಆಕಾಶ ಬಿಳಿಚಿದ್ದು ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಮೀಟರಿನ ಲೆಕ್ಕದಿಂದ. ಮೀಟರ್ ತಾನು ಅಳೆದ ಜಾಗವನ್ನು ನಡುಮಟ್ಟದ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಬೆಟ್ಟದ ನೆರಳನ್ನೂ ಗೆಳೆಯನನ್ನೂ ಅಳೆದಾಗ ಅವು ಬೆಳಗುತ್ತವೆ, ಆಕಾಶ ವಿವರವಿಲ್ಲದ ಬಿಳಿಯಾಗಿ ಸುಟ್ಟುಹೋಗುತ್ತದೆ. ಚಿಕ್ಕ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್ ಇಟ್ಟು, ಸೂರ್ಯನಿಂದ ಸ್ವಲ್ಪ ಪಕ್ಕದ ಕೆಂಪು ಆಕಾಶವನ್ನು ಅಳೆಯಿರಿ. ಬಂದ ಅಳತೆಗಿಂತ 1 ಸ್ಟಾಪ್, ಅಂದರೆ ಎರಡು ಪಟ್ಟು, ಹೆಚ್ಚು ಬೆಳಕು ಕೊಟ್ಟು ಮ್ಯಾನ್ಯುಯಲ್ ಮೋಡ್‌ನಲ್ಲಿ ಆ ಅಳತೆ ಬದಲಾಗದಂತೆ ನಿಲ್ಲಿಸಿ. ತೆಗೆದ ಮೇಲೆ ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲ ಅಂಚಿಗೆ ಒತ್ತಿಕೊಂಡಿದ್ದರೆ 1/3 ಸ್ಟಾಪಿನಂತೆ ಇಳಿಸುತ್ತ ಬನ್ನಿ. ಈಗ ಗೆಳೆಯ ಕಪ್ಪು ಆಕೃತಿಯಾಗುತ್ತಾನೆ. ಮುಖವೂ ಕಾಣಬೇಕೆಂದರೆ ಅವನ ಮೇಲೆ ಫ್ಲ್ಯಾಶ್ ಬೀಳಬೇಕು. ಯಾವುದು ಬೇಕೆಂದು ಕ್ಯಾಮೆರಾ ಎತ್ತುವ ಮುಂಚೆಯೇ ತೀರ್ಮಾನಿಸಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಸೂರ್ಯ ಇನ್ನೂ ಪ್ರಖರವಾಗಿದ್ದರೆ ಡಿಎಸ್‌ಎಲ್‌ಆರ್ ಕ್ಯಾಮೆರಾದ ವ್ಯೂಫೈಂಡರ್ ಕಿಂಡಿಗೆ ಕಣ್ಣಿಟ್ಟು ಸೂರ್ಯನನ್ನು ನೋಡಬೇಡಿ.

ಬಣ್ಣದ್ದು ಸುಲಭ. ಬೆಳಕಿನ ಬಣ್ಣವನ್ನು ತಾನೇ ಸರಿದೂಗಿಸುವ ಆಟೋ ವೈಟ್ ಬ್ಯಾಲೆನ್ಸ್ ಸಂಜೆಗೆಂಪನ್ನು ತಪ್ಪೆಂದು ಭಾವಿಸಿ ತೊಳೆದುಬಿಡುತ್ತದೆ. ಡೇಲೈಟ್‌ಗೆ, ಅಂದರೆ ಸುಮಾರು 5500 ಕೆಲ್ವಿನ್‌ಗೆ ಇಡಿ.

ಅಮೆರಿಕದ ಛಾಯಾಗ್ರಾಹಕ ಅನ್ಸೆಲ್ ಆಡಮ್ಸ್ 1927ರಲ್ಲಿ ಅಲ್ಲಿನ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ಕಪ್ಪು-ಬಿಳುಪು ಚಿತ್ರವನ್ನು ಮೊದಲು ಹಳದಿ ಫಿಲ್ಟರಿನಲ್ಲಿ ತೆಗೆದರು. ಮನಸ್ಸಿನಲ್ಲಿದ್ದ ಕಪ್ಪು ಆಕಾಶ ಅದರಲ್ಲಿ ಬರುವುದಿಲ್ಲವೆಂದು ಹೊಳೆದದ್ದೇ, ಉಳಿದಿದ್ದ ಕೊನೆಯ ಪ್ಲೇಟಿಗೆ (ಫಿಲ್ಮಿನಂತೆ ಬಳಸುವ ಗಾಜಿನ ಹಲಗೆ) ಕಡುಗೆಂಪು ಫಿಲ್ಟರ್ ಹಾಕಿದರು. ಕೆಂಪು ಫಿಲ್ಟರ್ ನೀಲಿಯನ್ನು ತಡೆಯುವುದರಿಂದ ಆಕಾಶ ಅವರು ಬಯಸಿದಂತೆ ಕಪ್ಪಾಯಿತು. ಬೇಕಾದದ್ದನ್ನು ಅಷ್ಟು ಖಚಿತವಾಗಿ ಹೇಳಿಕೊಂಡರೆ ಯಾವ ಗುಂಡಿ ತಿರುಗಿಸಬೇಕೆಂದು ತಾನಾಗಿ ತಿಳಿಯುತ್ತದೆ.

ಪ್ರಶ್ನೆ: ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತ) ತೆಗೆದು ಆಮೇಲೆ ಎಡಿಟ್ ಮಾಡಿದರೆ ಇಷ್ಟೆಲ್ಲ ಬೇಕೇ?

ಉತ್ತರ: ವೈಟ್ ಬ್ಯಾಲೆನ್ಸ್‌ಗೆ ಬೇಡ, ರಾ ಫೈಲಿನಲ್ಲಿ ಅದನ್ನು ಪೂರ್ತಿ ಬದಲಿಸಬಹುದು. ನೆರಳನ್ನೂ ಒಂದೆರಡು ಸ್ಟಾಪ್ ಎತ್ತಬಹುದು. ಹೆಚ್ಚಿಗೆ ಎಳೆದರೆ ನಾಯ್ಸ್, ಅಂದರೆ ಚುಕ್ಕೆಚುಕ್ಕೆ ಕಲೆ, ಏಳುತ್ತದೆ. ಪೂರ್ತಿ ಸುಟ್ಟ ಆಕಾಶ ಮರಳದು. ಬೆಟ್ಟದ ಗಾತ್ರಕ್ಕಂತೂ ಆ 12 ಮೀಟರ್ ದೂರದವರೆಗೆ ಹಿಂದೆ ನಡೆಯಲೇಬೇಕು.